ಪೆಟ್ಟಿಗೆಯೊಳಗಿನ ಪೆಟ್ಟಿಗೆ

ಅಕ್ಟೋಬರ್ 3, ಗುರುವಾರ

ಹಳೆಯ ಕಂಪ್ಯೂಟರ್ ಬೆಳಿಗ್ಗೆ ಹೊಗೆ ಬಿಟ್ಟು ಸತ್ತುಹೋಯಿತು. ಹೋದ ಸಲ ಏನೇನು ರಿಪೇರಿ ಮಾಡಿದೆ ಎಂಬುದೇ ಮರೆತು ಪೇಚಾಡಿದ್ದೆ. ಈ ಸಲ ಒಂದೊಂದು ಹೆಜ್ಜೆಯನ್ನೂ ಬರೆದಿಡೋಣ ಅಂತ ಕಾರ್ತಿಕಾಳ ನೋಟ್‌ಬುಕ್ ಎತ್ತಿಕೊಂಡಿದ್ದೇನೆ. ಮೊದಲ ಪುಟದಲ್ಲಿ ಅವಳು ಬರೆದ ಆನೆ ಇದೆ. ನಾಲ್ಕು ವರ್ಷದ ಮಗಳಿಗೆ ಇನ್ನೊಂದು ನೋಟ್‌ಬುಕ್ ಕೊಡಿಸಿದರಾಯಿತು. ಇದು ನನಗೆ ಮಾತ್ರ, ಬೇರೆ ಯಾರೂ ಓದುವುದಕ್ಕಲ್ಲ.

ಮೊದಲಿನಿಂದ ಬರೆಯುತ್ತೇನೆ. ಕಂಪ್ಯೂಟರ್ ನಮ್ಮ ನಡುಮನೆಯಲ್ಲಿದ್ದರೂ ಅದರ ಕೆಲಸ ಕಂಬಂ ಸುತ್ತಿನ ಮೂವತ್ತೆಂಟು ದ್ರಾಕ್ಷಿ ತೋಟಗಳದ್ದು. ನಮ್ಮ ತೋಟದ ಕಂಬದ ಮೇಲಿನ ಉಪಕರಣ ಗಾಳಿ ಎಷ್ಟು ತಂಪಿದೆ, ಎಲೆ ಎಷ್ಟು ಹೊತ್ತು ಒದ್ದೆಯಿತ್ತು ಎಂದು ಅಳೆದು ಕಳಿಸುತ್ತದೆ. ಒಳಗಿನ ಪ್ರೋಗ್ರಾಂ ಅದನ್ನು ನೋಡಿ, ಅಡಿಸಾಂಬಲ್ ಬರುವ ಹಾಗಿದ್ದರೆ ಬೆಳಗಿನ ಐದು ಗಂಟೆಗೆ ಎಲ್ಲರ ಫೋನಿಗೂ ಸುದ್ದಿ ಕೊಡುತ್ತದೆ. ಅಡಿಸಾಂಬಲ್ ಅಂದರೆ ಎಲೆಯ ತಳದಲ್ಲಿ ಬೂದಿ ಹಿಡಿಯುವ ರೋಗ. ಮಳೆಗಾಲದಲ್ಲಿ ಬಂತೆಂದರೆ ಎರಡೇ ದಿನದಲ್ಲಿ ಹೂಗೊಂಚಲು ಕರಗಿಹೋಗುತ್ತದೆ. ಮುಂಚೆಯೇ ಔಷಧಿ ಹೊಡೆದವನು ಉಳಿದ, ನಂತರ ಹೊಡೆದವನು ಅತ್ತ.

ಮಳೆಗೆ ಇನ್ನು ಹತ್ತು ಹನ್ನೆರಡು ದಿನ ಇದೆ. ಹೆದರುವಂಥದ್ದೇನೂ ಇಲ್ಲ. ಕಂಪ್ಯೂಟರ್ ಒಂದು ವಾರದಿಂದ ಕೆಮ್ಮುತ್ತಿದ್ದುದರಿಂದ ಭಾನುವಾರವೇ ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿಟ್ಟಿದ್ದೇನೆ. ಥೇಣಿಯಿಂದ ಹೊಸದು ಬರುತ್ತದೆ, ಅದರಲ್ಲಿ ಹಾಕಿದರೆ ಮುಗಿಯಿತು.

ಪ್ರೋಗ್ರಾಂ ಬರೆದವಳು ನಾನಲ್ಲ. ಬರೆದವಳು ನನ್ನ ಒಡಹುಟ್ಟಿದವಳು. ಆಕೆಯ ಹೆಸರನ್ನು ಈ ಮನೆಯಲ್ಲಿ ಯಾರೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ಅಕ್ಟೋಬರ್ 5, ಶನಿವಾರ

ಹೊಸ ಕಂಪ್ಯೂಟರ್ ಬಂತು. ಮೊದಲ ತಕರಾರೂ ಬಂತು.

ಆಕೆ ಕಟ್ಟಿಟ್ಟಿರುವುದು ಪೆಟ್ಟಿಗೆಯೊಳಗೊಂದು ಪೆಟ್ಟಿಗೆ. ನಿಜವಾದ ಕಂಪ್ಯೂಟರಿನ ಒಳಗೆ ಒಂದು ಸುಳ್ಳು ಕಂಪ್ಯೂಟರ್, ಅಂದರೆ ವರ್ಚುವಲ್ ಯಂತ್ರ. ಅದರ ಒಳಗೆ ಇನ್ನೊಂದು. ಕಂಬದ ಉಪಕರಣದ ಜೊತೆ ಮಾತಾಡುವ ಸಾಫ್ಟ್‌ವೇರ್ ಮುದಿ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ, ಅದಕ್ಕೇ ಒಳಪೆಟ್ಟಿಗೆ. ಕಾಲೇಜಿನ ಕೊನೇ ವರ್ಷದ ಪ್ರಾಜೆಕ್ಟ್ ಅದು. ಮೇಷ್ಟ್ರ ಮುಂದೆ ಜಾಣತನ ತೋರಿಸಲು ಹೀಗೆ ಮಾಡಿದಳೋ ಏನೋ, ಪಾಡು ಮಾತ್ರ ನನ್ನದು.

ಹೊರಪೆಟ್ಟಿಗೆಯೇ ತೆರೆಯಲಿಲ್ಲ. ಎರಡು ಗಂಟೆ ಒದ್ದಾಡಿದ ಮೇಲೆ ಗೊತ್ತಾಯಿತು, ಪ್ರೊಸೆಸರಿನ ವರ್ಚುವಲ್ ಶಕ್ತಿಯನ್ನು ಅಂಗಡಿಯವರು ಬಂದ್ ಮಾಡಿಯೇ ಕೊಟ್ಟಿದ್ದಾರೆ. ಮದರ್‌ಬೋರ್ಡಿನ ಸೆಟ್ಟಿಂಗಿಗೆ ಹೋಗಿ ಬಿಚ್ಚಿದೆ. ಹೊರಪೆಟ್ಟಿಗೆ ತೆರೆದುಕೊಂಡಿತು. ಒಂದು ಲೋಟ ಕಾಫಿ ನಾನೇ ಮಾಡಿಕೊಂಡು ಕುಡಿದೆ.

ಅಕ್ಟೋಬರ್ 8, ಮಂಗಳವಾರ

ಒಳಪೆಟ್ಟಿಗೆ ಅಲುಗಾಡುತ್ತಿಲ್ಲ. ಹೊರಗಿನ ಯಂತ್ರಕ್ಕೆ ಶಕ್ತಿ ಸಿಕ್ಕರೆ ಸಾಲದು, ಅದು ತನ್ನೊಳಗಿನದಕ್ಕೂ ದಾಟಿಸಬೇಕಂತೆ. ಆ ಅನುಮತಿಯನ್ನೂ ಕೊಟ್ಟೆ. ಆಮೇಲೆ ಪರದೆಯ ಮೇಲೆ ಬಂದ ಸಾಲು ಇದು: ಈ ಯಂತ್ರವನ್ನು ಬೇರೆ ಬಗೆಯ ಪ್ರೊಸೆಸರಿನಲ್ಲಿ ಮಲಗಿಸಲಾಗಿದೆ, ಇಲ್ಲಿ ಎಬ್ಬಿಸಲಾಗದು.

ಆಗ ಅರ್ಥವಾಯಿತು. ಹಳೆಯದರಲ್ಲಿದ್ದುದು ಎಎಂಡಿ, ಹೊಸದರಲ್ಲಿರುವುದು ಇಂಟೆಲ್. ಪೂರ್ತಿ ಆರಿಸಿದ ಯಂತ್ರವನ್ನು ಎಲ್ಲಿ ಬೇಕಾದರೂ ಹಚ್ಚಬಹುದು. ಅರ್ಧ ಕೆಲಸದಲ್ಲಿ ಮಲಗಿಸಿದ್ದು ಮಾತ್ರ ಮಲಗಿದ ಜಾಗದಲ್ಲೇ ಏಳಬೇಕು. ನಾನು ಭಾನುವಾರ ಹೊರಪೆಟ್ಟಿಗೆಯನ್ನು ಆರಿಸಿದ್ದೆ, ಒಳಪೆಟ್ಟಿಗೆಯನ್ನು ಮಲಗಿಸಿದ್ದೆ.

ಯಾವಾಗಲೂ ಹಾಗೆಯೇ ಮಾಡುವುದು. ಕರೆಂಟ್ ಹೋದಾಗ ಬ್ಯಾಟರಿ ಹತ್ತು ನಿಮಿಷ ಬರುತ್ತದೆ, ಅಷ್ಟರಲ್ಲಿ ಮಲಗಿಸು, ಕರೆಂಟ್ ಬಂದರೆ ಎಬ್ಬಿಸು. ಆರು ವರ್ಷದಲ್ಲಿ ಒಂದು ಸಲವೂ ಒಳಪೆಟ್ಟಿಗೆಯನ್ನು ಆರಿಸಿಲ್ಲ.

ಅಕ್ಟೋಬರ್ 9

ಸಾಧ್ಯವಿಲ್ಲ. ಅದೇ ಸಾಲು.

ಅಕ್ಟೋಬರ್ 11, ಶುಕ್ರವಾರ

ಆಯುಧಪೂಜೆ. ಅತ್ತೆ ಕಾಮಾಕ್ಷಿಯಮ್ಮಾಳ್ ಟ್ರ್ಯಾಕ್ಟರಿಗೆ, ಔಷಧಿ ಹೊಡೆಯುವ ಯಂತ್ರಕ್ಕೆ, ಬಳ್ಳಿ ಸವರಿ ಕವಾತು ಮಾಡುವ ಕತ್ತರಿಗಳಿಗೆಲ್ಲ ಚಂದನ ಕುಂಕುಮ ಇಟ್ಟು ಕೊನೆಗೆ ಹೊಸ ಕಂಪ್ಯೂಟರಿಗೂ ಇಟ್ಟರು. ಓಡುತ್ತಿಲ್ಲವಲ್ಲ ಅತ್ತೆ, ಇದಕ್ಯಾಕೆ ಅಂದೆ. "ಪೂಜೆ ಮಾಡಿದ್ಮೇಲೂ ಓಡ್ಲಿಲ್ಲಾಂದ್ರೆ ಅದ್ರ ತಪ್ಪಲ್ಲ ಮಣಿ, ನಿಂದೇ" ಅಂದರು. ಅತ್ತೆಯ ಮಾತು ಹೀಗೆಯೇ, ಪ್ರಸಾದದ ಜೊತೆಗೇ ಪೆಟ್ಟು.

ಇವರು, ಅಂದರೆ ನನ್ನ ಗಂಡ ಮುತ್ತುಕುಮಾರ್ ಮಾಮ, ಪೂಜೆಯ ಬಾಳೆಕಂದು ಕಟ್ಟುತ್ತಾ ಒಂದು ಮಾತು ಹೇಳಿದರು. ಎಲ್ಲ ತೋಟದವರಿಗೂ ಕಂಪ್ಯೂಟರ್ ಕೆಟ್ಟಿದೆ ಎಂದು ಹೇಳಿಬಿಡೋಣ ಅಂತ. ಇನ್ನೆರಡು ದಿನ ತಾಳಿ ಅಂದೆ. ಅವರು ನನ್ನ ಮಾತಿಗೆ ಎದುರಾಡುವುದಿಲ್ಲ. ಆರು ವರ್ಷದಲ್ಲಿ ಜಗಳವೂ ಆಡಿಲ್ಲ, ಅದೂ ಒಂದು ನಮೂನೆ ಸಿಟ್ಟು ಬರಿಸುತ್ತದೆ.

ಅಕ್ಟೋಬರ್ 12, ಶನಿವಾರ

ಒಂದು ನಕಲಿನ ಮೇಲೆ ಧೈರ್ಯ ಮಾಡಿದೆ. ಮಲಗಿದ್ದನ್ನು ಎಬ್ಬಿಸುವ ಗೋಜು ಬೇಡ, ಆ ನಿದ್ದೆಯನ್ನೇ ಎಸೆದು ಹೊಸದಾಗಿ ಹಚ್ಚೋಣ ಅಂತ. ಹಚ್ಚಿಕೊಂಡಿತು. ಕಪ್ಪು ಪರದೆ, ಅದರ ನಡುವೆ ಒಂದು ಖಾನೆ: ಪಾಸ್‌ವರ್ಡ್.

ಡಿಸ್ಕಿಗೇ ಬೀಗ ಹಾಕಿದ್ದಾಳೆ. ಒಡೆದು ಒಳಹೋಗುವ ದಾರಿಯೇ ಇಲ್ಲ. ಮಲಗಿಸಿ ಎಬ್ಬಿಸುತ್ತಿದ್ದಾಗ ಬೀಗ ತೆರೆದೇ ಇರುತ್ತಿತ್ತು, ಹಾಗಾಗಿ ಆರು ವರ್ಷ ಅದು ನಮಗೆ ಬೇಕಾಗಿರಲಿಲ್ಲ. ಬೇಕಾಗದಿರಲಿ ಅಂತಲೇ ನಾನು ಅದನ್ನು ಒಮ್ಮೆಯೂ ಆರಿಸಿರಲಿಲ್ಲ. ಆರಿಸಿದರೆ ಆಕೆಯನ್ನು ಕೇಳಬೇಕಾಗುತ್ತಿತ್ತಲ್ಲ. ಯಾರಾದರೂ ಇಂಥ ಕೆಲಸ ಮಾಡುತ್ತಾರೆಯೇ? ನಾವು ಮಾಡುತ್ತೇವೆ.

ಊರ ಹೆಸರು, ಕುಲದೇವರ ಹೆಸರು, ಅಪ್ಪ ತಂಗರಾಜ್ ಹೆಸರು, ಕಾಲೇಜಿನ ರೋಲ್ ನಂಬರ್, ಸತ್ತ ನಾಯಿಯ ಹೆಸರು ಎಲ್ಲ ಹೊಡೆದು ನೋಡಿದೆ. ಐವತ್ತಕ್ಕೂ ಹೆಚ್ಚು. ಚಿನ್ನಾಳಪಟ್ಟಿಯ ರಾಜ್‌ಕುಮಾರ್ ಹೆಸರನ್ನೂ ಹೊಡೆದೆ, ಹಲ್ಲು ಕಚ್ಚಿಕೊಂಡು.

ಬರೆದೇ ಬಿಡುತ್ತೇನೆ, ಯಾರು ಓದುತ್ತಾರೆ. ತಮಿಳು ಸೀಮೆಯ ನಮ್ಮ ಕನ್ನಡದವರಲ್ಲಿ ಸೋದರಮಾವನ ಮಗನಿಗೆ ಹೆಣ್ಣಿನ ಮೇಲೆ ಮುರೆ, ಅಂದರೆ ಹಕ್ಕು. ಮುತ್ತುಕುಮಾರ್ ಮಾಮನಿಗೆ ಆಕೆಯೇ ಅಂತ ಹುಟ್ಟಿದಾಗಿನಿಂದ ಮಾತಾಗಿತ್ತು. ಪರಿಸ, ಅಂದರೆ ನಿಶ್ಚಿತಾರ್ಥ, ಆಯಿತು, ಸೀರೆ ಬಂತು. ಭಾವಿ ಗಂಡನ ತೋಟದಲ್ಲೇ ಕಂಬ ನೆಟ್ಟು ಪ್ರಾಜೆಕ್ಟ್ ಮಾಡಿದಳು. ಮದುವೆಗೆ ಎಂಟು ದಿನ ಇದ್ದಾಗ ಕಾಲೇಜಿನಲ್ಲಿ ಜೊತೆಗೆ ಓದಿದ ನೇಯ್ಗೆಯವರ ಹುಡುಗ ಈ ರಾಜ್‌ಕುಮಾರನ ಜೊತೆ ಚಿನ್ನಾಳಪಟ್ಟಿಗೆ ಹೊರಟುಹೋದಳು. ಹಾಕಿದ ಚಪ್ಪರವನ್ನು ಮದುವೆಯಿಲ್ಲದೆ ಬಿಚ್ಚಬಾರದು. ಆಕೆಗೆ ತಂದ ಸೀರೆ ಉಟ್ಟು ಆಕೆಗೆ ಹಾಕಿದ ಹಸೆಮಣೆಯ ಮೇಲೆ ನಾನು ಕೂತೆ. ರವಿಕೆ ಸಡಿಲವಾಗಿತ್ತು, ಪಿನ್ನು ಹಾಕಿದ್ದರು. ಇಡೀ ಮುಹೂರ್ತ ಅದು ಚುಚ್ಚುತ್ತಿತ್ತು.

ಅಕ್ಟೋಬರ್ 15, ಮಂಗಳವಾರ

ಮಳೆ ಶುರುವಾಯಿತು, ಹೇಳಿದ್ದಕ್ಕಿಂತ ಜೋರು. ಮಾಮ ಎಲೆ ತಿರುಗಿಸಿ ನೋಡಿ ಬಂದು, ನಮ್ಮದಕ್ಕೆ ಅಂದಾಜಿನಲ್ಲೇ ಔಷಧಿ ಹೊಡೆಯುತ್ತೇನೆ ಅಂದರು. ಉಳಿದವರಿಗೆ ಹೇಳೋಣವಾ ಎಂದು ಮತ್ತೆ ಕೇಳಿದರು. ನಾಡಿದ್ದು ದಿಂಡಿಗಲ್‌ಗೆ ಹೋಗುತ್ತೇನೆ, ಹಳೆಯ ಎಎಂಡಿ ಕಂಪ್ಯೂಟರ್ ಹುಡುಕಿ ಅಲ್ಲೇ ಎಬ್ಬಿಸಿ ತರುತ್ತೇನೆ ಅಂದೆ. ಅಷ್ಟು ದೂರ ಯಾಕೆ ಎಂದು ಅವರು ಕೇಳಲಿಲ್ಲ.

ಅಕ್ಟೋಬರ್ 17, ಗುರುವಾರ

ಬೆಳಿಗ್ಗೆ ಐದೂವರೆಯ ಬಸ್ಸು. ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಬತ್ಲಗುಂಡುವಿನಲ್ಲಿ ಪಕ್ಕಕ್ಕೆ ಕೂತ ಹೆಂಗಸು ಮಗುವಾ ಎಂದು ಬಗ್ಗಿ ನೋಡಿದಳು.

ದಿಂಡಿಗಲ್‌ನ ಹಳೇ ಕಂಪ್ಯೂಟರ್ ಅಂಗಡಿ ಸುಬ್ಬುಲಕ್ಷ್ಮಿ ಎಂಬವರದು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬೋರ್ಡಿಗೆ ಬೆಸುಗೆ ಹಾಕುತ್ತಿದ್ದರು. ನಾಲ್ಕು ಎಎಂಡಿ ಕಂಪ್ಯೂಟರ್ ತೋರಿಸಿದರು, ನಾಲ್ಕೂ ಹೊಸ ತಲೆಮಾರಿನವು. ಇರಲಿ ಅಂತ ಹಾಕಿ ನೋಡಿದೆ. ಹೊರಪೆಟ್ಟಿಗೆ ತೆರೆಯಿತು. ಒಳಪೆಟ್ಟಿಗೆ ಕಣ್ಣುಬಿಡುವ ಹಾಗೆ ಮಾಡಿ ಮತ್ತೆ ಬಿದ್ದುಕೊಂಡಿತು. ಕಂಪನಿ ಒಂದೇ ಆದರೂ ಹಳೆಯ ಪ್ರೊಸೆಸರಿಗೆ ಗೊತ್ತಿದ್ದ ಎರಡು ಮೂರು ಆಜ್ಞೆಗಳನ್ನು ಹೊಸದರಲ್ಲಿ ಕೈಬಿಟ್ಟಿದ್ದಾರೆ. ಮಲಗುವಾಗ ಇದ್ದದ್ದು ಏಳುವಾಗ ಇಲ್ಲದಿದ್ದರೆ ಅದು ಏಳುವುದಿಲ್ಲ.

ಸುಬ್ಬುಲಕ್ಷ್ಮಿ ತಮಿಳಿನಲ್ಲಿ ಕೇಳಿದರು, ಇದನ್ನು ಕಟ್ಟಿದವರು ಇದ್ದಾರಾ ಅಂತ. ಇದ್ದಾರೆ ಅಂದೆ. ದೂರವಾ? ಹನ್ನೊಂದು ಕಿಲೋಮೀಟರ್ ಅಂದೆ. ಅವರು ಭೂತಗನ್ನಡಿ ಎತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

ಬಸ್ ಸ್ಟ್ಯಾಂಡಿನಲ್ಲಿ ಚಿನ್ನಾಳಪಟ್ಟಿ ಬಸ್ಸು ಎದುರಿಗೇ ನಿಂತಿತ್ತು. ಕಂಡಕ್ಟರ್ ಕೂಗಿ ಕೂಗಿ ಕರೆದ. ನಾನು ಕಂಬಂ ಬಸ್ಸು ಹತ್ತಿದೆ.

ಅಕ್ಟೋಬರ್ 18

ಮಳೆ. ಏನೂ ಮಾಡಲಿಲ್ಲ. ಕಾರ್ತಿಕಾಳಿಗೆ ಸುಮ್ಮಸುಮ್ಮನೆ ಒಂದು ಏಟು ಕೊಟ್ಟೆ, ಆಮೇಲೆ ಇಬ್ಬರೂ ಅತ್ತೆವು.

ಅಕ್ಟೋಬರ್ 21, ಸೋಮವಾರ

ಸುರುಳಿಪಟ್ಟಿಯ ಕಂದಸಾಮಿ ತಾತ ಮಧ್ಯಾಹ್ನ ಬಂದರು. ಛತ್ರಿ ಮಡಚಿ, ಟವೆಲಿನಿಂದ ಒಂದು ಎಲೆ ತೆಗೆದು ನನ್ನ ಕೈಯಲ್ಲಿಟ್ಟರು. ತಿರುಗಿಸಿದೆ. ಅಡಿಯೆಲ್ಲ ಬಿಳಿ ಬೂದಿ. ಹೂಗೊಂಚಲು ಬಿಟ್ಟಿದ್ದ ಒಂದೂವರೆ ಎಕರೆ ಪನ್ನೀರ್ ದ್ರಾಕ್ಷಿ ಪಂದಲ್, ಅಂದರೆ ಬಳ್ಳಿ ಹಬ್ಬಿಸಿದ ಚಪ್ಪರ, ಪೂರ್ತಿ ಹೋಗಿದೆ.

ಬೈಯಲು ಬಂದಿರಲಿಲ್ಲ ಅವರು. ಔಷಧಿ ಯಾವುದು ಎಂದು ಕೇಳಲು ಬಂದಿದ್ದರು. ಮೋಡ ನೋಡಿದರೆ ನಿಮಗೇ ಗೊತ್ತಾಗುತ್ತಿತ್ತಲ್ಲ ತಾತ, ಯಾಕೆ ಹೊಡೆಯಲಿಲ್ಲ ಎಂದು ಕೇಳಿಬಿಟ್ಟೆ.

"ಫೋನು ಕೂಗ್ಲಿಲ್ಲ ಮಗ್ಳೆ. ನೀ ಇರೋವಾಗ ನಾ ಯಾಕೆ ಮೋಡ ನೋಡ್ಲಿ?"

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕೆಟ್ಟಿದೆ ಎಂದು ಒಂದು ಮಾತು ಹೇಳಿದ್ದರೆ ಅವರು ಹಳೆಯ ಕಾಲದ ಹಾಗೆ ಮೋಡ ನೋಡಿ ಹೊಡೆಯುತ್ತಿದ್ದರು. ಫೋನ್ ಸುಮ್ಮನಿದ್ದುದನ್ನು ಅವರು ರೋಗವಿಲ್ಲ ಎಂದು ತಿಳಿದರು. ನನ್ನ ಜಂಬಕ್ಕೆ ಅವರ ಒಂದೂವರೆ ಎಕರೆ ಹೋಯಿತು. ತಪ್ಪು ನನ್ನದು ತಾತ ಎಂದು ಎಲ್ಲ ಹೇಳಿದೆ. ಅವರು ಔಷಧಿಯ ಹೆಸರು ಬರೆಸಿಕೊಂಡು ಎದ್ದುಹೋದರು. ಕಾಫಿ ಕುಡಿಯಲಿಲ್ಲ.

ಉಳಿದ ಮೂವತ್ತಾರು ಮನೆಗೂ ಸಂಜೆಯೊಳಗೆ ಫೋನ್ ಮಾಡಿ, ಕಂಪ್ಯೂಟರ್ ಸತ್ತಿದೆ, ನಿಮ್ಮ ಕಣ್ಣನ್ನೇ ನಂಬಿ ಎಂದು ಹೇಳಿದೆ. ಆದರೆ ಕಣ್ಣಿಗೆ ಬೂದಿ ಕಾಣುವಾಗ ತಡವಾಗಿರುತ್ತದೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಮೂವತ್ತೇಳನೆಯ ಫೋನ್ ಅಪ್ಪನಿಗೆ. ಆರು ವರ್ಷದಲ್ಲಿ ಮೊದಲ ಸಲ ಅಕ್ಕನ ಹೆಸರೆತ್ತಿ, ತೇನ್‌ಮೊಳಿಯ ಮನೆ ಯಾವ ಬೀದಿ ಎಂದು ಕೇಳಿದೆ. ಅಪ್ಪ ಒಂದು ಕ್ಷಣವೂ ಯೋಚಿಸದೆ ಬಾಗಿಲ ನಂಬರ್ ಸಮೇತ ಹೇಳಿದರು.

ಅಕ್ಟೋಬರ್ 22, ಮಂಗಳವಾರ

ಹೋಗಿ ಬಂದೆ.

ಬೀದಿಯಲ್ಲಿ ಮಗ್ಗದ ಸದ್ದು. ತೇನ್‌ಮೊಳಿ ಒಳಗೆ ಕಂಪ್ಯೂಟರಿನಲ್ಲಿ ಸೀರೆಯ ಅಂಚಿನ ನಮೂನೆ ಬರೆಯುತ್ತಿದ್ದಳು. ದಪ್ಪಗಾಗಿದ್ದಾಳೆ. ಕನ್ನಡಕ ಬಂದಿದೆ. ನನ್ನನ್ನು ನೋಡಿ ಎದ್ದವಳು ಮೊದಲು ಅಪ್ಪನಿಗೆ ಏನಾದರೂ ಆಯಿತಾ ಅಂದಳು. ಇಲ್ಲ ಅಂದೆ. ರಾಜ್‌ಕುಮಾರ್ ಇಬ್ಬರನ್ನೂ ನೋಡಿ, ಕುಡಿಯಲು ಜಿಗರ್‌ಥಂಡಾ ತರುತ್ತೇನೆ ಎಂದು ಹೇಳಿ ಹೊರಟವನು ಒಂದು ಗಂಟೆ ಬರಲೇ ಇಲ್ಲ.

ಯಂತ್ರದ ಮಾತು ಸುಲಭವಾಗಿತ್ತು, ಅದನ್ನೇ ಆಡಿದೆವು. ಪ್ರೊಸೆಸರ್ ಅಂದೆ, ಹೂಂ ಅಂದಳು. ಮಲಗಿಸಿದ್ದು ಅಂದೆ, ಹಣೆ ಚಚ್ಚಿಕೊಂಡಳು. ಆರು ವರ್ಷ ಆರಿಸಲೇ ಇಲ್ಲವಾ ಎಂದು ಕೇಳಿ ನಕ್ಕಳು. ನನಗೂ ನಗು ಬಂತು, ನುಂಗಿಕೊಂಡೆ. ಪಾಸ್‌ವರ್ಡ್ ಹೇಳು, ಹೋಗುತ್ತೇನೆ ಅಂದೆ.

"ಬಾಯ್ಗೆ ಗೊತ್ತಿಲ್ಲ ಮಣಿ, ಬೆರಳ್ಗೆ ಗೊತ್ತು" ಅಂದಳು. ಅರ್ಥವಿಲ್ಲದ ಅಕ್ಷರಗಳಂತೆ, ಆ ಕೀಬೋರ್ಡಿನ ಮುಂದೆ ಕೂತರೆ ಕೈ ತಾನೇ ಹೋಗುತ್ತದಂತೆ. ಇದೇ ಕೀಬೋರ್ಡಿನಲ್ಲಿ ಹೊಡೆದು ನೋಡು ಅಂದೆ. ಕೈಯೆತ್ತಿದಳು, ಮತ್ತೆ ಮಡಿಲಿಗೆ ಹಾಕಿಕೊಂಡಳು.

"ಇಲ್ಲಿ ಬ್ಯಾಡ. ಅಲ್ಲಿ ಬಂದು ಹೊಡಿತೀನಿ. ಒಂದ್ ಪದ ಈಸ್ಕೊಂಡು ನೀ ಓಗ್ಬುಟ್ರೆ ಇನ್ನಾರು ವರ್ಷ ನನ್ನ ಯಾರ್ ಕೇಳ್ತಾರೆ?"

ಬೆರಳಿನ ಕಥೆ ನಿಜವೋ ನೆಪವೋ ನನಗೆ ತಿಳಿಯಲಿಲ್ಲ. ಶನಿವಾರ ಬಾ ಎಂದು ಹೇಳಿಬಿಟ್ಟೆ. ಹೇಳಿದ ಮೇಲೆ ನೆನಪಾಯಿತು, ಮನೆ ನನ್ನದಲ್ಲ, ಅತ್ತೆಯದು.

ಅಕ್ಟೋಬರ್ 24, ಗುರುವಾರ

ಎರಡು ದಿನ ಬಾಯಿ ಬರಲಿಲ್ಲ. ಇವತ್ತು ಅತ್ತೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದಾಗ ಎದುರು ಕೂತು ನಾನೂ ಬಿಡಿಸಿದೆ. ಕಂಪ್ಯೂಟರ್ ರಿಪೇರಿಗೆ ಶನಿವಾರ ಒಬ್ಬರು ಬರುತ್ತಾರೆ ಅಂದೆ. ಎಲ್ಲಿಂದ ಅಂದರು. ಚಿನ್ನಾಳಪಟ್ಟಿಯಿಂದ ಅಂದೆ.

ಅತ್ತೆಯ ಕೈ ನಿಂತಿತು. ಸಾವಿರ ಜನಕ್ಕೆ ಅಡುಗೆ ಹೇಳಿ, ಮಗನ ಮದುವೆಗೆ ಎಂಟು ದಿನ ಇದ್ದಾಗ ಊರ ಮುಂದೆ ತಲೆ ತಗ್ಗಿಸಿದವರು ಅವರು. ಬೇಡ ಅಂದರೆ ನಾನು ಏನು ಹೇಳುವುದು ಎಂದು ಯೋಚಿಸಿ ಇಟ್ಟುಕೊಂಡಿದ್ದೆಲ್ಲ ಮರೆತುಹೋಯಿತು. ಕಂದಸಾಮಿ ತಾತನ ಪಂದಲ್ ಎಂದು ಏನೋ ತೊದಲಿದೆ.

"ಕಂದಸಾಮಿ ಪಂದಲ್ ನಾನೂ ಓಗಿ ನೋಡ್ಬಂದೆ" ಅಂದರು ಅತ್ತೆ. ಮತ್ತೆ ಹತ್ತು ಬೀಜ ಬಿಡಿಸಿದ ಮೇಲೆ: "ಬರ್ಲಿ. ಕಳ್ಳಿ ಅಂಗೆ ಇಂದ್ಲ ಬಾಗ್ಲಲ್ಲಿ ಬ್ಯಾಡ. ಮುಂದ್ಲ ಬಾಗ್ಲಲ್ಲಿ ಬರ್ಲಿ."

ಅಕ್ಟೋಬರ್ 26, ಶನಿವಾರ

ಅಕ್ಕ ಹತ್ತು ಗಂಟೆಗೆ ಬಂದಳು, ಒಬ್ಬಳೇ. ಶೇರ್ ಆಟೋ ಇಳಿದು ಬಾಗಿಲವರೆಗೆ ಬರುವಷ್ಟರಲ್ಲಿ ಬೀದಿಯ ಎಲ್ಲ ಕಿಟಕಿಗಳೂ ತೆರೆದವು. ಅತ್ತೆ ಒಳಗೆ ಹೋಗಿ ಮಿಕ್ಸಿ ಹಚ್ಚಿದರು. ಅದರಲ್ಲಿ ಏನು ರುಬ್ಬುತ್ತಿದ್ದರೋ, ಅರ್ಧ ಗಂಟೆ ಓಡಿತು.

ಅಕ್ಕ ಕೀಬೋರ್ಡ್ ಮುಂದೆ ಕೂತು ಕೈ ಒರೆಸಿಕೊಂಡಳು. ಮೊದಲ ಸಲ ಹೊಡೆದಳು, ತಪ್ಪು. ಕಣ್ಣು ಮುಚ್ಚಿಕೊಂಡು ಇನ್ನೊಂದು ಸಲ, ತಪ್ಪು. ಮಾತಾಡಿಸು, ಯೋಚನೆ ಮಾಡಿದರೆ ಬರುವುದಿಲ್ಲ ಅಂದಳು. ಏನು ಮಾತಾಡಿಸುವುದು? ಕಾರ್ತಿಕಾ ಅನ್ನ ಸರಿಯಾಗಿ ತಿನ್ನುವುದಿಲ್ಲ ಅಂದೆ. ನೀನೂ ತಿನ್ನುತ್ತಿರಲಿಲ್ಲ ಎಂದು ಅಕ್ಕ ಹೇಳುತ್ತಿರುವಾಗಲೇ ಬೆರಳು ಹೊಡೆದುಬಿಟ್ಟಿತು. ಬೀಗ ತೆಗೆಯಿತು.

ಆಮೇಲೆ ಮೂರು ಗಂಟೆ ಇಬ್ಬರೂ ತಲೆಗೆ ತಲೆ ಹಚ್ಚಿ ಕೂತೆವು. ಒಳಗಿನ ವಿಂಡೋಸ್ ಹೊಸ ಪ್ರೊಸೆಸರನ್ನು ಕಂಡು ಎರಡು ಸಲ ನೀಲಿಯಾಗಿ ಬಿತ್ತು. ಒಳಪೆಟ್ಟಿಗೆಗೆ ನಿಜವಾದ ಪ್ರೊಸೆಸರನ್ನು ತೋರಿಸುವುದೇ ಬೇಡ, ಎಲ್ಲ ಕಂಪನಿಗೂ ಒಪ್ಪುವ ಸಾದಾ ಒಂದನ್ನು ತೋರಿಸೋಣ ಎಂದು ನಾನು ಹೇಳಿದೆ. ಅಕ್ಕ ನನ್ನನ್ನು ತಿರುಗಿ ನೋಡಿ, ಇದು ನನಗೆ ಹೊಳೆಯುತ್ತಿರಲಿಲ್ಲ ಅಂದಳು. ಎರಡು ಗಂಟೆಗೆ ಕಂಬದ ಉಪಕರಣದಿಂದ ಮೊದಲ ಅಂಕಿ ಬಂತು. ಅತ್ತೆ ಬಾಗಿಲಿಗೆ ಬಂದು ಓಡುತ್ತದಾ ಅಂದರು. ಓಡುತ್ತದೆ ಅತ್ತೆ ಎಂದು ಅಕ್ಕನೇ ಹೇಳಿದಳು. ಅತ್ತೆ ತಲೆಯಾಡಿಸಿದರು, ಅಷ್ಟೇ.

ಅಲ್ಲಿಗೆ ಮುಗಿಯಬೇಕಿತ್ತು. ಅಕ್ಕ ಮನೆಯನ್ನೆಲ್ಲ ಒಮ್ಮೆ ಕಣ್ಣಲ್ಲೇ ನೋಡಿ, ಎಲ್ಲ ನಿನಗೆ ಒಳ್ಳೆಯದೇ ಆಯಿತಲ್ಲ ಮಣಿ, ನನ್ನ ಮನಸ್ಸಿಗೆ ಸಮಾಧಾನವಾಯಿತು ಅಂದಳು. ನನಗೆ ಎಲ್ಲಿತ್ತೋ ಸಿಟ್ಟು.

"ನೀ ಓಗೋವಾಗ ನಿನ್ ಮನಸ್ನ ಕೇಳ್ಕೊಂಡು ಓದೆ. ಅತ್ತೆ ಮಾನ ಕೇಳ್ಕೊಂಡ್ರು, ಅಪ್ಪ ಮಾತು ಕೇಳ್ಕೊಂಡ್ರು. ನನ್ನ ಯಾರ್ ಕೇಳುದ್ರು? ಒಬ್ರು ಕೇಳುದ್ರಾ?"

ಅತ್ತೆ ಅಲ್ಲೇ ಇದ್ದರು. ಹೀಗೆ ಅವರ ಎದುರು ನಾನು ಒಂದು ದಿನವೂ ಮಾತಾಡಿದವಳಲ್ಲ. ಅಕ್ಕನ ಮುಖ ಬಿಳಿಚಿಕೊಂಡಿತು. ಅಷ್ಟರಲ್ಲಿ ಹಿಂದಿನಿಂದ ದನಿ ಬಂತು. ಮಾಮ ತೋಟದಿಂದ ಬಂದು ಕೆಸರು ಕಾಲಲ್ಲೇ ಬಾಗಿಲ ಬಳಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ನನ್ನೂ ಯಾರೂ ಕೇಳ್ಲಿಲ್ಲ" ಅಂದರು.

ಸೀರೆ ಬದಲಾಗಲಿಲ್ಲ, ಚಪ್ಪರ ಬದಲಾಗಲಿಲ್ಲ, ಹೆಣ್ಣು ಬದಲಾಯಿತು ಎಂದು ಮುಹೂರ್ತದ ದಿನ ಬೆಳಿಗ್ಗೆ ದೊಡ್ಡವರು ಮಾಮನಿಗೆ ಹೇಳಿದರಂತೆ. ಸರಿ ಅಂದರಂತೆ. ಆರು ವರ್ಷ ಅವರ ಪಕ್ಕದಲ್ಲಿದ್ದೂ ಇದು ನನಗೆ ಗೊತ್ತಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಅಕ್ಕ ಹೊರಡುವಾಗ ನನ್ನ ಕೈ ಹಿಡಿದುಕೊಂಡು ಅತ್ತಳು. ನಾನು ಅಳಲಿಲ್ಲ, ಕೈಯನ್ನು ಮಾತ್ರ ಬಿಡಿಸಿಕೊಳ್ಳಲಿಲ್ಲ. ಪಾಸ್‌ವರ್ಡ್ ಬದಲಾಯಿಸಿ ಇಬ್ಬರೂ ಬರೆದುಕೊಂಡಿದ್ದೇವೆ. ಅತ್ತೆ ಅರ್ಧ ಗಂಟೆ ರುಬ್ಬಿದ್ದರಲ್ಲ, ಆ ಚಟ್ನಿಪುಡಿಯನ್ನು ಒಂದು ಡಬ್ಬಿಗೆ ತುಂಬಿ, ಅಕ್ಕನ ಕಡೆ ನೋಡದೆ ಆಟೋದ ಸೀಟಿನ ಮೇಲೆ ಇಟ್ಟು ಬಂದರು.

ಅಕ್ಟೋಬರ್ 27, ಭಾನುವಾರ

ಐದಕ್ಕೆ ಫೋನ್ ಕೂಗಿತು. ಎಲೆ ಹನ್ನೊಂದು ಗಂಟೆ ಹೊತ್ತು ಒದ್ದೆಯಿದೆ, ಇವತ್ತೇ ಹೊಡೆಯಿರಿ. ಮೂವತ್ತೆಂಟು ಫೋನುಗಳಿಗೂ ತಲುಪಿದೆ. ಕಂದಸಾಮಿ ತಾತ ಮಾತ್ರ ವಾಪಸ್ ಫೋನ್ ಮಾಡಿದರು. ಉಳಿದ ಅರ್ಧ ಎಕರೆ ಕಪ್ಪು ದ್ರಾಕ್ಷಿಗೆ ಹೊಡೆಯುತ್ತೇನೆ, ಮೋಡವನ್ನೂ ನೋಡಿಕೊಂಡಿದ್ದೇನೆ ಅಂದರು. ನಗುತ್ತಿದ್ದರೋ ಇಲ್ಲವೋ ಗೊತ್ತಾಗಲಿಲ್ಲ. ಅವರ ಒಂದೂವರೆ ಎಕರೆ ನನ್ನ ತಲೆಯಿಂದ ಇಳಿಯುವುದಿಲ್ಲ, ಇಳಿಯಲೂ ಬಾರದು.

ಎಂಟು ಗಂಟೆಗೆ ತೋಟಕ್ಕೆ ತಿಂಡಿ ತೆಗೆದುಕೊಂಡು ಹೋದೆ. ಮಾಮ ಔಷಧಿಯ ಯಂತ್ರ ನಿಲ್ಲಿಸಿದರು, ಮುಖಕ್ಕೆ ಕಟ್ಟಿದ ಟವೆಲ್ ಬಿಚ್ಚಿದರು. ಇಡ್ಲಿಗೆ ಕೈಹಾಕಲಿಲ್ಲ. ಪಂದಲ್ ತಗ್ಗು, ಅವರು ಎತ್ತರ, ಹಾಗಾಗಿ ತಲೆ ಬಗ್ಗಿಸಿಯೇ ನಿಂತಿದ್ದರು.

"ರಾತ್ರಿಯೆಲ್ಲಾ ಯೋಚ್ನೆ ಮಾಡ್ದೆ ಮಣಿ. ಅಂದು ಕೇಳ್ಲಿಲ್ಲ. ಈಗ ಕೇಳ್ತೀನಿ. ನನ್ನ ಕಟ್ಕೊಳ್ತಿಯಾ?"

ಏನೋ ತಮಾಷೆ ಎಂದು ಮುಖ ನೋಡಿದೆ. ತಮಾಷೆಯಾಗಿರಲಿಲ್ಲ. ಇಲ್ಲ ಅಂದರೂ ಕೇಳಿಸಿಕೊಳ್ಳಲು ತಯಾರಾಗಿಯೇ ನಿಂತಿದ್ದರು, ಅದು ಅವರ ಕಣ್ಣಲ್ಲಿ ಕಾಣುತ್ತಿತ್ತು.

ನಾಳೆ ಹೇಳುತ್ತೇನೆ ಅಂದೆ.

ಉತ್ತರ ನನಗೆ ಅಲ್ಲೇ ಗೊತ್ತಿತ್ತು. ಆದರೂ ಒಂದು ದಿನ ಕಾಯಲಿ.